ಸೈನಿಕನೇ ಕ್ಯಾಮೆರಾ ಹಿಡಿದರೆ ಆ ಫೋಟೊ ನಂಬಬಹುದೇ?

ಬೆಳಗಾವಿಯಲ್ಲಿ ಸೈನ್ಯದ ನಂಟಿಲ್ಲದ ಓಣಿ ಸಿಗುವುದು ಕಷ್ಟ. 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲಿದೆ. ಯುದ್ಧದ ಹಳೆಯ ಫೋಟೊ ಮೊಬೈಲಿಗೆ ಬಂದರೆ ಇಲ್ಲಿಯ ಜನ ಸುಮ್ನೆ ಮುಂದಕ್ಕೆ ಸರಿಸುವುದಿಲ್ಲ. ಯಾವ ಪಲ್ಟನ್, ಯಾವ ಊರು, ನಮ್ಮವರು ಯಾರಾದರೂ ಇದ್ದಾರಾ ಅಂತ ಹಿಗ್ಗಿಸಿ ನೋಡುತ್ತಾರೆ. ಇಂಥ ಎಷ್ಟೋ ಫೋಟೊಗಳನ್ನು ತೆಗೆದವರು ಪತ್ರಕರ್ತರಲ್ಲ, ಸೇನೆಯ ಸಂಬಳದಲ್ಲಿದ್ದ ಸೈನಿಕರು. ಅವರು ತೆಗೆದದ್ದನ್ನು ಯುದ್ಧದ ಸಾಕ್ಷಿ ಅಂತ ಒಪ್ಪಬಹುದೇ? ಒಪ್ಪಬಹುದು ಅಂತ ಬರೆದವರು ಸೈನಿಕ ಕುಟುಂಬದ ಹೈಸ್ಕೂಲ್ ಶಿಕ್ಷಕಿ. ಬೇಡ ಅಂತ ಬರೆದವರು ಕ್ಯಾಂಪ್ ಭಾಗದಲ್ಲಿ ಫೋಟೊ ಸ್ಟುಡಿಯೊ ನಡೆಸುವವರು.

ಪರ: ಅಲ್ಲಿ ನಿಂತಿದ್ದವರು ಇವರೇ

ಎರಡನೇ ಮಹಾಯುದ್ಧದ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ಕೇಳಿದ, "ಟೀಚರ್, ಇಷ್ಟು ಗುಂಡು ಹಾರೂ ಮುಂದ ಈ ಫೋಟೊ ಹೊಡದಾಂವ ಯಾರ್ರಿ? ಅಂವಗ ಗುಂಡು ಬೀಳಲಿಲ್ಲೇನ್ರಿ?"

ಬಿದ್ದಿವೆ. 1945ರ ಫೆಬ್ರುವರಿ 23ರಂದು ಜಪಾನಿನ ಇವೊ ಜಿಮಾ ದ್ವೀಪದ ಗುಡ್ಡದ ಮೇಲೆ ಅಮೆರಿಕದ ಬಾವುಟ ಏರಿಸಿದ ಫೋಟೊ ಎಲ್ಲರೂ ನೋಡಿದ್ದೇ. ಅದನ್ನು ತೆಗೆದ ಜೋ ರೋಸೆಂತಾಲ್ ಸುದ್ದಿಸಂಸ್ಥೆಯವರು. ಅವರ ಪಕ್ಕದಲ್ಲೇ ನಿಂತು ಅದೇ ಗಳಿಗೆಯನ್ನು ಬಣ್ಣದ ಫಿಲ್ಮ್‌ನಲ್ಲಿ ಹಿಡಿಯುತ್ತಿದ್ದವರು ಮೆರೀನ್ ಪಡೆಯ ಸಾರ್ಜೆಂಟ್ ಬಿಲ್ ಜೆನೌಸ್ಟ್. ಮುಂದೆ ಒಂಬತ್ತೇ ದಿನಕ್ಕೆ ಅದೇ ದ್ವೀಪದ ಒಂದು ಗುಹೆಯಲ್ಲಿ ಅವರು ಸತ್ತರು. ಶವ ಕೂಡ ಮನೆಗೆ ಬರಲಿಲ್ಲ. ರೋಸೆಂತಾಲ್ ಜನರನ್ನು ಬೇಕಂತಲೇ ನಿಲ್ಲಿಸಿ ಫೋಟೊ ಹೊಡೆದರು ಅನ್ನುವ ಅಪವಾದ ಎದ್ದಾಗ ಅದನ್ನು ಸುಳ್ಳು ಮಾಡಿದ್ದು ಈ ಸಾರ್ಜೆಂಟ್ ತೆಗೆದ ಫಿಲ್ಮ್. ಪತ್ರಕರ್ತನ ಮಾತಿಗೆ ಸೈನಿಕನ ಕ್ಯಾಮೆರಾ ಸಾಕ್ಷಿ ನಿಂತಿತು.

ಬ್ರಿಟಿಷ್ ಸೇನೆ 1941ರಲ್ಲಿ ಫಿಲ್ಮ್ ಮತ್ತು ಫೋಟೊಗ್ರಾಫಿಗೆಂದೇ ಒಂದು ಘಟಕ ಕಟ್ಟಿತು. ಸೈನ್ಯದಲ್ಲಿ ಆಗಲೇ ಇದ್ದವರನ್ನು ಆರಿಸಿ, ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ ತರಬೇತಿ ಕೊಟ್ಟು, ಸಾರ್ಜೆಂಟ್ ಮಾಡಿ ರಣರಂಗಕ್ಕೆ ಕಳಿಸುತ್ತಿದ್ದರು. ಫೋಟೊ ತೆಗೆಯುವವರ ಕೈಗೆ ಕೊಟ್ಟದ್ದು ಸೂಪರ್ ಐಕೊಂಟಾ ಕ್ಯಾಮೆರಾ, ಅದೂ ಜರ್ಮನಿಯಲ್ಲೇ ತಯಾರಾದದ್ದು. ಚಲನಚಿತ್ರ ತೆಗೆಯುವವರಿಗೆ ಕೀಲಿ ಕೊಟ್ಟು ಓಡಿಸುವ ಕ್ಯಾಮೆರಾ. ನೂರು ಅಡಿ ರೋಲ್ ಒಂದು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಓಡಿದರೆ ಮುಗೀತು. ಷೆಲ್ ಬೀಳುವ ಕಡೆ ಕೂತು ಆ ಒಂದು ನಿಮಿಷವನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಅವರೇ ತೀರ್ಮಾನಿಸಬೇಕಿತ್ತು.

ನನಗೆ ತುಂಬಾ ಮುಖ್ಯ ಅನ್ನಿಸುವುದು ಅವರು ರೋಲ್ ಜೊತೆ ಕಳಿಸುತ್ತಿದ್ದ ಹಾಳೆ. ಡೋಪ್ ಶೀಟ್ ಅನ್ನುತ್ತಿದ್ದರು ಅದಕ್ಕೆ. ತಾರೀಕು, ಜಾಗ, ಯಾವ ಪಡೆ, ಫ್ರೇಮ್‌ನಲ್ಲಿ ಏನಾಗುತ್ತಿದೆ, ಹೆಸರು ಸಿಕ್ಕರೆ ಹೆಸರು, ಎಲ್ಲ ಬರೆಯಬೇಕು. ಇತಿಹಾಸ ಕಲಿಸುವವಳಿಗೆ ಫೋಟೊದಷ್ಟೇ ಈ ಹಾಳೆಯೂ ಬೇಕು. ಇಂದು ಮೊಬೈಲಿನಲ್ಲಿ ಬರುವ ಯುದ್ಧದ ಚಿತ್ರ ಎಲ್ಲಿಯದು, ಯಾವಾಗಿನದು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ, ಅಲ್ವಾ?

1945ರ ಏಪ್ರಿಲ್‌ನಲ್ಲಿ ಈ ಘಟಕದವರು ಜರ್ಮನಿಯಲ್ಲಿ ನಾಜಿಗಳು ಜನರನ್ನು ಕೂಡಿಹಾಕಿದ್ದ ಬರ್ಗೆನ್-ಬೆಲ್ಸೆನ್ ಶಿಬಿರದ ಒಳಗೆ ಹೋದರು. ಅವರಲ್ಲಿ ಒಬ್ಬರು, ಸಾರ್ಜೆಂಟ್ ಮೈಕ್ ಲೂಯಿಸ್, ತಾವೇ ಯಹೂದಿ. ಸಾವಿರಾರು ಹೆಣಗಳು ಬಯಲಲ್ಲಿ ಬಿದ್ದಿದ್ದವು. ಅವರು ಕ್ಯಾಮೆರಾ ಕೆಳಗಿಡಲಿಲ್ಲ. ಬೆಲ್ಸೆನ್‌ನ ದೃಶ್ಯಗಳಿದ್ದ ಫಿಲ್ಮ್ ಅನ್ನು ಅದೇ ವರ್ಷ ನವೆಂಬರ್ 29ರಂದು ನ್ಯೂರೆಂಬರ್ಗ್ ಕೋರ್ಟಿನಲ್ಲಿ, ನಾಜಿ ನಾಯಕರ ಕಣ್ಣೆದುರೇ ಓಡಿಸಿದರು. ಸೇನೆಯವರು ತೆಗೆದದ್ದು ಎಂಬ ಕಾರಣಕ್ಕೆ ಅದನ್ನು ಸಾಕ್ಷಿಯಲ್ಲ ಅನ್ನೋಣವೇ?

ಮೈ ಲಾಯ್‌ಗೂ ಇದೇ ಮಾತು. ವಿಯೆಟ್ನಾಂನ ಆ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಹೆಂಗಸರು ಮಕ್ಕಳನ್ನು ಕೊಂದರು. ಅವತ್ತು ಆ ತುಕಡಿಯ ಜೊತೆ ಹೋಗಿದ್ದು ಸೇನೆಯ ಫೋಟೊಗ್ರಾಫರ್ ರೊನಾಲ್ಡ್ ಹೇಬರ್ಲೆ. ಪತ್ರಿಕೆಯವರು ಯಾರೂ ಅಲ್ಲಿರಲಿಲ್ಲ. ಅವರ ಫೋಟೊ ಇಲ್ಲದಿದ್ದರೆ ಅದೂ ಒಂದು "ಗೆಲುವು" ಎಂದೇ ಕಡತದಲ್ಲಿ ಉಳಿಯುತ್ತಿತ್ತು.

ಇದು ಹಳೆಯ ಕಾಲದ ಮಾತೂ ಅಲ್ಲ. 2013ರ ಜುಲೈ 2ರಂದು ಅಫ್ಘಾನಿಸ್ತಾನದಲ್ಲಿ ತರಬೇತಿ ನಡೆಯುವಾಗ ಮೋರ್ಟಾರ್ ಸಿಡಿಯಿತು. ಅಮೆರಿಕ ಸೇನೆಯ ಫೋಟೊಗ್ರಾಫರ್ ಹಿಲ್ಡಾ ಕ್ಲೇಟನ್ ಮತ್ತು ನಾಲ್ವರು ಅಫ್ಘನ್ ಸೈನಿಕರು ಸತ್ತರು. ಆ ನಾಲ್ವರಲ್ಲಿ ಒಬ್ಬನಿಗೆ ಫೋಟೊಗ್ರಾಫಿ ಕಲಿಸುತ್ತಿದ್ದವಳು ಇವಳೇ. ವಯಸ್ಸು 22. ಅವಳ ಕೊನೆಯ ಫ್ರೇಮ್ ಆ ಸ್ಫೋಟದ್ದೇ. ಹೀಗೆ ಜೀವ ಕೊಟ್ಟು ತೆಗೆದ ಚಿತ್ರವನ್ನು ಪ್ರಚಾರ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿರೋಧ: ಬೀರುವಿನ ಕೀಲಿ ಯಾರ ಕೈಯಲ್ಲಿದೆ?

ನನ್ನ ಸ್ಟುಡಿಯೊಗೆ ಬರುವವರಲ್ಲಿ ಅರ್ಧಕ್ಕರ್ಧ ಸೈನ್ಯದ ಮನೆಯವರು. ಪೆನ್ಶನ್ ಕಾಗದಕ್ಕೆ ಗಂಡ ಹೆಂಡತಿಯ ಜಾಯಿಂಟ್ ಫೋಟೊ, ಟ್ರೇನಿಂಗ್ ಮುಗಿಸಿದ ಹುಡುಗನ ಸಮವಸ್ತ್ರದ ಫೋಟೊ. ಆಗಾಗ ಒಬ್ಬ ಅವ್ವ ಪಲ್ಟನ್ನಿನ ಗ್ರೂಪ್ ಫೋಟೊ ತರುತ್ತಾಳೆ. ಮೂರನೇ ಸಾಲಿನ ಒಂದು ಸಣ್ಣ ಮುಖದ ಮೇಲೆ ಬೆರಳಿಟ್ಟು, "ಇವರೊಬ್ಬರನ್ನ ತಗದು ದೊಡ್ಡದು ಮಾಡಿ ಕೊಡ್ರಿ ಅಣ್ಣಾ, ಹಾರ ಹಾಕೂದೈತಿ" ಅನ್ನುತ್ತಾಳೆ. ನಾನು ಅಕ್ಕಪಕ್ಕದವರ ಭುಜ ಅಳಿಸುತ್ತೇನೆ, ಹಿಂದೆ ನೀಲಿ ಬಣ್ಣ ತುಂಬುತ್ತೇನೆ, ಮೆಡಲ್ ಎದ್ದು ಕಾಣುವ ಹಾಗೆ ಮಾಡುತ್ತೇನೆ. ಅವಳ ದುಃಖಕ್ಕೆ ಅದು ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಫೋಟೊವನ್ನು ಬೇಕಾದ ಹಾಗೆ ಮಾಡುವುದು ಎಷ್ಟು ಸಲೀಸು ಅಂತ ಕೈಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ಸೇನೆಯ ಫೋಟೊಗ್ರಾಫರ್‌ಗಳ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅವರ ಮೇಲಿರುವ ಆದೇಶದ ಬಗ್ಗೆ.

ಶಿಕ್ಷಕಿ ಹೊಗಳಿದ ಅದೇ ಬ್ರಿಟಿಷ್ ಘಟಕವನ್ನೇ ನೋಡಿ. 1942ರಲ್ಲಿ ಈಜಿಪ್ಟಿನಲ್ಲಿ ನಡೆದ ಎಲ್ ಅಲಮೈನ್ ಕದನದ ಹೆಸರಾಂತ ಫೋಟೊದಲ್ಲಿ ಆಸ್ಟ್ರೇಲಿಯಾದ ಸೈನಿಕರು ಹೊಗೆಯ ನಡುವೆ ಬಂದೂಕು ಹಿಡಿದು ನುಗ್ಗುತ್ತಿದ್ದಾರೆ. ಅದನ್ನು ತೆಗೆದದ್ದು ಸಾರ್ಜೆಂಟ್ ಲೆನ್ ಚೆಟ್ವಿನ್. ಕಾಳಗ ನಡೆಯುವ ಜಾಗದಿಂದ ದೂರ, ಹೊಗೆ ಹಾಕಿ, ಜನರನ್ನು ಓಡಿಸಿ ತೆಗೆದದ್ದು. ಡೋಪ್ ಶೀಟ್‌ನಲ್ಲಿ ತಾರೀಕು ಸರಿ ಇದ್ದರೆ ಸಾಕಾ? ಒಳಗಿನ ಸಂಗತಿಯೇ ಆಟವಾದರೆ ಆ ಹಾಳೆ ಏನು ಮಾಡೀತು?

ಯೆವ್ಗೆನಿ ಖಾಲ್ದೇಯ್ ಯುದ್ಧದುದ್ದಕ್ಕೂ ಸಮವಸ್ತ್ರದಲ್ಲೇ ಕೆಲಸ ಮಾಡಿದ ಸೋವಿಯತ್ ಸುದ್ದಿಸಂಸ್ಥೆಯ ಫೋಟೊಗ್ರಾಫರ್. 1945ರ ಮೇ 2ರಂದು ಬರ್ಲಿನ್‌ನ ಸಂಸತ್ ಭವನ ರೈಶ್‌ಸ್ಟಾಗ್ ಮೇಲೆ ಕೆಂಪು ಬಾವುಟ ಹಿಡಿಸಿ ಅವರು ತೆಗೆದ ಫೋಟೊ ಇಂದಿಗೂ ಪುಸ್ತಕಗಳಲ್ಲಿದೆ. ಮೂಲ ಚಿತ್ರದಲ್ಲಿ ಒಬ್ಬ ಸೈನಿಕನ ಎರಡೂ ಕೈಯಲ್ಲಿ ಗಡಿಯಾರ ಇತ್ತು. ಲೂಟಿ ಮಾಡಿದ್ದು ಅಂತ ಜನ ಅಂದುಕೊಂಡಾರೆಂದು ಒಂದನ್ನು ಕೆರೆದು ತೆಗೆದರು. ಹಿನ್ನೆಲೆಗೆ ಹೊಗೆಯನ್ನೂ ಸೇರಿಸಿದರು.

ಇವಕ್ಕಿಂತ ದೊಡ್ಡ ಮೋಸ ತೋರಿಸದೇ ಇರುವುದರಲ್ಲಿದೆ. ಅಮೆರಿಕ ಯುದ್ಧಕ್ಕಿಳಿದ ಮೇಲೆ 1943ರ ಸೆಪ್ಟೆಂಬರ್ ತನಕ ತನ್ನ ಸತ್ತ ಸೈನಿಕರ ಫೋಟೊ ಅಚ್ಚಾಗಲು ಬಿಡಲಿಲ್ಲ. ಜನ ಯುದ್ಧವನ್ನು ಹಗುರಾಗಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಸರ್ಕಾರಕ್ಕೆ ಅನ್ನಿಸಿದಾಗ ಮಾತ್ರ ಬಿಟ್ಟಿತು. ಮುಚ್ಚಿದ್ದೂ ಲೆಕ್ಕ ಹಾಕಿ, ತೆರೆದದ್ದೂ ಲೆಕ್ಕ ಹಾಕಿ.

ಈಗ ಮೈ ಲಾಯ್. ಶಿಕ್ಷಕಿ ಹೇಳಿದ್ದು ನಿಜ, ಆದರೆ ಅರ್ಧ. ಹೇಬರ್ಲೆ ಕೊರಳಲ್ಲಿ ಅವತ್ತು ಸೇನೆ ಕೊಟ್ಟ ಕಪ್ಪು-ಬಿಳುಪು ಕ್ಯಾಮೆರಾ ಇತ್ತು, ತನ್ನದೇ ಆದ ಬಣ್ಣದ ಕ್ಯಾಮೆರಾನೂ ಇತ್ತು. ಸೇನೆಗೆ ಒಪ್ಪಿಸಿದ ರೋಲ್‌ನಲ್ಲಿ ಹೆಣಗಳ ರಾಶಿ ಇರಲಿಲ್ಲ. ಅದು ಇದ್ದದ್ದು ಸ್ವಂತ ಕ್ಯಾಮೆರಾದಲ್ಲಿ. ಆ ಬಣ್ಣದ ಫೋಟೊಗಳು ಒಂದು ಪತ್ರಿಕೆಯಲ್ಲಿ ಅಚ್ಚಾದದ್ದು 1969ರ ನವೆಂಬರ್ 20ರಂದು, ಅವರು ಸೇನೆ ಬಿಟ್ಟು ಮನೆಗೆ ಬಂದ ಮೇಲೆ. ಕೊಲ್ಲುತ್ತಿದ್ದವರ ಮುಖ ಇದ್ದ ಕೆಲವನ್ನು ತಾವೇ ಹಾಳು ಮಾಡಿದ್ದಾಗಿ ಅವರೇ ಮುಂದೆ ಒಪ್ಪಿಕೊಂಡರು. ಒಬ್ಬನೇ ಮನುಷ್ಯ, ಒಂದೇ ಬೆಳಿಗ್ಗೆ, ಎರಡು ಕ್ಯಾಮೆರಾ. ಸೈನಿಕನಾಗಿ ತೆಗೆದದ್ದೂ ಮನುಷ್ಯನಾಗಿ ತೆಗೆದದ್ದೂ ಬೇರೆ ಬೇರೆಯಾದವು. ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಬೇಡ.

ನಮ್ಮ ಮರಾಠಾ ಪಲ್ಟನ್‌ಗಳ ಕಥೆಯಲ್ಲೂ ಒಂದು ನೋವಿದೆ, ಫೋಟೊ ಇದ್ದೂ ಹೆಸರಿಲ್ಲದ ನೋವು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕುತ್ ಊರಿನೊಳಗೆ ತುರ್ಕಿ ಸೇನೆಯ ಮುತ್ತಿಗೆಗೆ ತಿಂಗಳುಗಟ್ಟಲೆ ಸಿಕ್ಕಿಬಿದ್ದವರಲ್ಲಿ ಅವರೂ ಇದ್ದರು. 1916ರ ಏಪ್ರಿಲ್ 29ರಂದು ಆ ಪಡೆ ಶರಣಾಯಿತು. ಕುತ್‌ನಿಂದ ಬದುಕಿ ಬಂದ, ಎಲುಬಿಗೆ ತೊಗಲು ಅಂಟಿದ ಒಬ್ಬ ಸೈನಿಕನ ಫೋಟೊ ಲಂಡನ್‌ನ ಸಂಗ್ರಹಾಲಯದಲ್ಲಿದೆ. ವಿವರಣೆಯಲ್ಲಿ ಅವನು ಬರೀ "ಭಾರತೀಯ ಸೈನಿಕ". ಹೆಸರಿಲ್ಲ. ಅವನ ಮರಿಮೊಮ್ಮಕ್ಕಳು ಈ ಜಿಲ್ಲೆಯಲ್ಲೇ ಇದ್ದರೂ ಗುರುತು ಹಿಡಿಯುವ ದಾರಿ ಇಲ್ಲ.

ಹಾಗಂತ ಸೇನೆಯವರು ಕ್ಯಾಮೆರಾ ಹಿಡಿಯಲೇಬಾರದು ಅನ್ನುತ್ತಿಲ್ಲ. 2021ರ ಜೂನ್‌ನಲ್ಲಿ ನಮ್ಮ ರಕ್ಷಣಾ ಸಚಿವಾಲಯ ಒಂದು ನೀತಿ ಒಪ್ಪಿತು. ಅದರಂತೆ ಯುದ್ಧ ಡೈರಿ ಮೊದಲಾದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು. ಅದು ಫೋಟೊಗೂ ಗಟ್ಟಿಯಾಗಿ ಅನ್ವಯವಾಗಲಿ. ಆರಿಸಿದ ನಾಲ್ಕು ಚಂದದ ಪ್ರಿಂಟ್ ಬೇಡ. ರೋಲ್ ಪೂರ್ತಿ ಬರಲಿ, ಮಸುಕಾದ ಫ್ರೇಮ್, ಅಧಿಕಾರಿ ಬೇಡ ಅಂತ ಗೆರೆ ಎಳೆದ ಫ್ರೇಮ್ ಎಲ್ಲ ಸೇರಿ. ಅಲ್ಲಿಯ ತನಕ ಪತ್ರಿಕೆಗಳು ಇಂಥ ಫೋಟೊ ಹಾಕುವಾಗ ಕೆಳಗೆ "ಸೇನೆ ಕೊಟ್ಟ ಚಿತ್ರ" ಅಂತ ಓದುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ.