ತೂಕ ಅಲ್ಲ, ಎತ್ತರ ನೋಡಬೇಕು

ವೆಂಟಿಲೇಟರ್ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಶ್ವಾಸಕೋಶ ತೀರಾ ಕೆಟ್ಟವರಿಗೆ ವೆಂಟಿಲೇಟರ್‌ನಲ್ಲಿ 'ದೇಹದ ತೂಕಕ್ಕೆ ತಕ್ಕಷ್ಟು ಗಾಳಿ' ಕೊಡುತ್ತಾರೆ ಅಂತ ಬರೆದಿದ್ದೀರಿ. ನೋಡುವುದು ತಕ್ಕಡಿಯ ತೂಕ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಹೊಟ್ಟೆ ಬಂತು ಅಂತ ಶ್ವಾಸಕೋಶವೂ ದೊಡ್ಡದಾಗುವುದಿಲ್ಲ, ಅಲ್ವಾ? 165 ಸೆಂ.ಮೀ. ಎತ್ತರದ ಗಂಡಸು 90 ಕೆಜಿ ಇದ್ದರೂ ನಮ್ಮ ಲೆಕ್ಕಕ್ಕೆ ಸುಮಾರು 61 ಕೆಜಿ. ಕೆಜಿಗೆ 6 ಮಿ.ಲೀ. ಅಂದರೆ ಒಂದು ಉಸಿರಿಗೆ 370 ಮಿ.ಲೀ. ಹತ್ತಿರ. 90ಕ್ಕೆ ಹಾಕಿದರೆ 540, ಆ ಶ್ವಾಸಕೋಶಕ್ಕೆ ಅದು ಜಾಸ್ತಿ! 2000ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕೆಜಿಗೆ 12 ಮಿ.ಲೀ. ಬದಲು 6 ಪಡೆದ ರೋಗಿಗಳಲ್ಲಿ ಸಾವು ಸುಮಾರು ಶೇ. 40ರಿಂದ 31ಕ್ಕೆ ಇಳಿದಿತ್ತು.

ನಾನು ಕುಮಟಾದವಳು, ಐಸಿಯು ನರ್ಸ್. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಇಲಿಜ್ವರ ಬಂದು ಶ್ವಾಸಕೋಶಕ್ಕೆ ಏರಿದಾಗ ನಾನು ಮೊದಲು ಹುಡುಕುವುದು ಟೇಪು. ಮಲಗಿದವರನ್ನೇ ಹಿಮ್ಮಡಿಯಿಂದ ನೆತ್ತಿವರೆಗೆ ಅಳೆಯುತ್ತೇವೆ.

ಇಂಥ ರೋಗಿಗಳನ್ನು ಬೋರಲು ಮಲಗಿಸುವುದಕ್ಕೆ ಎರಡೇ ಸಾಲು ಕೊಟ್ಟಿದ್ದೀರಿ. ಅದು ಒಂದು ಸಲಕ್ಕೆ 16 ಗಂಟೆಯಾದರೂ ಬೇಕು. ತಿರುಗಿಸಲು ನಾವು ಐದು ಜನ ಸೇರುತ್ತೇವೆ, ತಲೆ ಹತ್ತಿರ ನಿಂತವರು ಉಸಿರಿನ ಕೊಳವೆಯಿಂದ ಕೈ ಬಿಡುವ ಹಾಗಿಲ್ಲ. ಮುಖ ಊದಿಕೊಳ್ಳುತ್ತದೆ. ಹೊನ್ನಾವರ ಕಡೆಯ ಒಬ್ಬ ಅಮ್ಮ ಗಾಜಿನಿಂದ ಮಗನನ್ನು ನೋಡಿ 'ಬೋರಲು ಯಾಕೆ ಹಾಕಿದ್ರಿ' ಅಂತ ಅತ್ತುಬಿಟ್ಟರು. ಸುಮ್ನೆ ಅಲ್ಲಮ್ಮ, ಬೆನ್ನ ಕಡೆಯ ಶ್ವಾಸಕೋಶ ತೆರೆದುಕೊಳ್ಳಲಿ ಅಂತ ಮೊದಲೇ ಹೇಳಬೇಕಿತ್ತು. ಅದು ನಮ್ಮದೇ ತಪ್ಪು.