ಬಾಣಂತಿ ವಿದ್ಯಾರ್ಥಿನಿಗೆ ಶಾಲೆಯೊಳಗೇ ನೆರವು ಬೇಕೇ? ಪರ–ವಿರೋಧ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 19 ವರ್ಷದವರಲ್ಲಿ ಶೇ. 5.4ರಷ್ಟು ಮಂದಿ ಸಮೀಕ್ಷೆಯ ಹೊತ್ತಿಗೆ ತಾಯಂದಿರಾಗಿದ್ದರು ಇಲ್ಲವೇ ಗರ್ಭಿಣಿಯರಾಗಿದ್ದರು. ಇವರಲ್ಲಿ ಇನ್ನೂ ಓದುವ ವಯಸ್ಸಿನಲ್ಲಿರುವವರಿಗೆ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಒಳಗೇ ಹಾಜರಾತಿ ರಿಯಾಯಿತಿ, ಕೂಸಿನ ಆರೈಕೆ, ಮನೆಪಾಠದಂಥ ನೆರವಿನ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಅವಳ ಹೆಸರು ಹಾಜರಿ ಪುಸ್ತಕದಲ್ಲೇ ಇರಲಿ

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಪರೀಕ್ಷಾ ಕೇಂದ್ರದಲ್ಲಿ, ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯ ದಿನ, ನಾನು ಕೊಠಡಿ ಮೇಲ್ವಿಚಾರಕಿಯಾಗಿದ್ದೆ. ಕಿಟಕಿಯ ಪಕ್ಕದ ಬೆಂಚಿನ ಹುಡುಗಿ ಮೊದಲ ಒಂದೂವರೆ ಗಂಟೆ ತಲೆಯೆತ್ತದೆ ಬರೆದಳು. ಆಮೇಲೆ ಎಡಗೈಯಿಂದ ವೇಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಲಗೈಯಲ್ಲಿ ಬರೆಯತೊಡಗಿದಳು. ಹತ್ತಿರ ಹೋದಾಗ ಸಮವಸ್ತ್ರದ ಮೇಲೆ ಎರಡು ಒದ್ದೆ ಕಲೆಗಳು ಕಂಡವು. "ಎದಿ ಬಿಗದಾವ್ರಿ ಟೀಚರ್, ಕೂಸು ಅಳಾಕತ್ತಿರಬೇಕು" ಎಂದು ಪಿಸುಗುಟ್ಟಿದಳು. ಗೇಟಿನಾಚೆ ಬೇವಿನ ಮರದಡಿ ಅವಳ ತಾಯಿ ಎರಡು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಹುಡುಗಿಯನ್ನು ಹೊರಗೆ ಕಳಿಸಿ ಮತ್ತೆ ಒಳಗೆ ಕರೆದುಕೊಳ್ಳಲು ನಿಯಮ ಬಿಡುತ್ತಿರಲಿಲ್ಲ. ಕೂಸನ್ನೇ ಒಳಗೆ ತರಿಸುವ ಧೈರ್ಯ ನನಗೆ ಬರಲಿಲ್ಲ. ಇನ್ನಷ್ಟು ಹೊತ್ತು ತಡೆದುಕೊಂಡ ಅವಳು, ಪ್ರಮೇಯದ ಸಾಧನೆಯನ್ನು ಅರ್ಧಕ್ಕೇ ಬಿಟ್ಟು ಉತ್ತರ ಪತ್ರಿಕೆ ಕೊಟ್ಟು ಹೊರಟಳು. ಆ ಹಾಳೆಯನ್ನು ನಾನು ನೋಡಿದ್ದೇನೆ. ಅವಳಿಗೆ ಗಣಿತ ಬರುತ್ತಿತ್ತು.

ಅದೇ ಶಾಲೆಯ ಶಿಕ್ಷಕಿಗೆ ಹೆರಿಗೆಯಾದರೆ ಸರ್ಕಾರ 180 ದಿನಗಳ ರಜೆಯನ್ನು ಸಂಬಳದೊಡನೆ ಕೊಡುತ್ತದೆ. ನಾನೂ ಅದನ್ನು ಪಡೆದವಳೇ. ತಿರುಗಿ ಬಂದಾಗ ನನ್ನ ಕುರ್ಚಿ ಇದ್ದಲ್ಲೇ ಇತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಡಿಸೆಂಬರಿನಲ್ಲಿ ಕುಲಪತಿಗಳಿಗೆ ಪತ್ರ ಬರೆದು, ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಮತ್ತು ಹಾಜರಾತಿ ರಿಯಾಯಿತಿ ಸಿಗುವಂತೆ ನಿಯಮ ರೂಪಿಸಲು ಕೋರಿತು. ಅಂದರೆ ಪಾಠ ಹೇಳುವವಳ ಬಸಿರನ್ನೂ, ಎಂ.ಎ. ಓದುವವಳ ಬಸಿರನ್ನೂ ನಮ್ಮ ವ್ಯವಸ್ಥೆ ಬಲ್ಲದು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಅಸಹಾಯಕಳು, ಬಹುಪಾಲು ತನ್ನ ಇಚ್ಛೆಯಿಲ್ಲದೆಯೇ ಈ ಸ್ಥಿತಿಗೆ ಬಂದವಳು ಮಾತ್ರ ಶೇ. 75ರ ಹಾಜರಾತಿ ನಿಯಮದ ಮುಂದೆ ಒಬ್ಬಳೇ ನಿಲ್ಲಬೇಕು. ಕಡ್ಡಾಯ ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ, ಇವಳ ಕಷ್ಟ ಸರಿಸುಮಾರು ಅಲ್ಲಿಂದಲೇ ಶುರುವಾಗುತ್ತದೆ.

ಇಂಥವಳನ್ನು ಶಾಲೆ ಹೊರಹಾಕುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ತಂದೆಯೋ ಸೋದರಮಾವನೋ ಬಂದು ಟಿಸಿ ಕೇಳುತ್ತಾರೆ, ಕಾರಣದ ಕಾಲಮ್ಮಿನಲ್ಲಿ "ಪೋಷಕರ ಕೋರಿಕೆಯ ಮೇರೆಗೆ" ಎಂದು ಬರೆದು ಕೊಡಲಾಗುತ್ತದೆ, ಅಲ್ಲಿಗೆ ಆ ಹೆಸರು ಅಳಿಸಿಹೋಗುತ್ತದೆ. ನನ್ನ ಮೊದಲ ಬೇಡಿಕೆ ಇಷ್ಟೇ: ಗರ್ಭಿಣಿಯೆಂಬ ಕಾರಣಕ್ಕೆ ಯಾರಿಗೂ ಟಿಸಿ ಕೊಡಕೂಡದು. ವೈದ್ಯರ ಚೀಟಿಯ ಆಧಾರದ ಮೇಲೆ ಅವಳ ಗೈರುಹಾಜರಿಯನ್ನು ರಜೆಯೆಂದು ದಾಖಲಿಸಿ ಹೆಸರನ್ನು ಉಳಿಸಿಕೊಳ್ಳಬೇಕು.

ಅವಳು ಗಂಡನ ಮನೆಗೆ ಹೋದಮೇಲೆ ಶಾಲೆ ಏನು ಮಾಡಲಾದೀತು ಎಂದು ಕೇಳುವವರು ನಮ್ಮ ಕಡೆಯ ಪದ್ಧತಿಯನ್ನೇ ಮರೆತಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲಾಗುತ್ತದೆ. ಏಳನೆಯ ತಿಂಗಳಿಗೆ ಬಂದವಳು ಬಾಣಂತನ ಮುಗಿಸಿ ತೊಟ್ಟಿಲ ಕೂಸಿನೊಡನೆ ತಿರುಗಿ ಹೋಗುವಷ್ಟರಲ್ಲಿ ಆರು–ಏಳು ತಿಂಗಳು ಕಳೆದಿರುತ್ತವೆ, ಮತ್ತು ಅಷ್ಟು ಕಾಲವೂ ಅವಳು ತಾನು ಓದಿದ ಶಾಲೆಯಿಂದ ಕೂಗಳತೆಯ ದೂರದಲ್ಲಿರುತ್ತಾಳೆ. ಸೋದರಮಾವನನ್ನೇ ಮದುವೆಯಾದವಳಾದರೆ ಎಷ್ಟೋ ಸಲ ಊರನ್ನೇ ಬಿಟ್ಟಿರುವುದಿಲ್ಲ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಒಬ್ಬ ಶಿಕ್ಷಕಿ ಪಾಠದ ಟಿಪ್ಪಣಿ ಹಿಡಿದು ಆ ಮನೆಯ ಹೊಸ್ತಿಲು ತುಳಿದರೆ, "ನೀನಿನ್ನೂ ನಮ್ಮ ಶಾಲೆಯವಳೇ" ಎಂಬ ಮಾತು ಅವಳಿಗೂ, ಅದಕ್ಕಿಂತ ಮುಖ್ಯವಾಗಿ ಮನೆಯ ಹಿರಿಯರಿಗೂ ತಲುಪುತ್ತದೆ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮಾರ್ಚಿನಲ್ಲಿ ಹೆರಿಗೆಯಾದವಳು ಒಂದಿಡೀ ವರ್ಷ ಕಳೆದುಕೊಳ್ಳಬೇಕಾದ ಕಾಲ ಹೋಯಿತು. ಅವಳನ್ನು ಪರೀಕ್ಷೆಯ ಕೋಣೆಯವರೆಗೆ ತಂದು ಬಿಡುವ ಕೈಯೊಂದು ಬೇಕಷ್ಟೆ.

ಖರ್ಚಿನ ಮಾತನ್ನು ನಾನು ಹೆಚ್ಚು ಬೆಳೆಸುವುದಿಲ್ಲ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ, ಎಷ್ಟೋ ಊರುಗಳಲ್ಲಿ ಅಂಗನವಾಡಿ ಇರುವುದು ಶಾಲೆಯ ಆವರಣದಲ್ಲೇ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆದಿದ್ದೇವೆ. ಗುದ್ದಲಿ ಹಿಡಿದ ತಾಯಿಯ ಕೂಸಿಗೆ ಇರುವ ತೊಟ್ಟಿಲು ಪುಸ್ತಕ ಹಿಡಿದ ತಾಯಿಯ ಕೂಸಿಗೂ ಸಿಗಲಿ, ಜೊತೆಗೆ ಶಾಲೆಯಲ್ಲಿ ಹಾಲೂಡಿಸಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇರಲಿ.

ಪ್ರತ್ಯೇಕ ಶಾಲೆಯಂತೂ ಬೇಡ. ನ್ಯೂಯಾರ್ಕ್ ನಗರವು ಗರ್ಭಿಣಿ ವಿದ್ಯಾರ್ಥಿನಿಯರಿಗೆಂದೇ ದಶಕಗಳ ಕಾಲ ನಡೆಸಿದ ಶಾಲೆಗಳನ್ನು, ಅಲ್ಲಿ ಪಾಠ–ಹಾಜರಾತಿ ಎರಡೂ ಸೊರಗಿದ್ದರಿಂದ, 2007ರಲ್ಲಿ ಮುಚ್ಚಬೇಕಾಯಿತು. ಸಾಮಾನ್ಯ ಶಾಲೆಗಳೊಳಗೇ ಶಿಶುಪಾಲನಾ ಕೇಂದ್ರವಿಟ್ಟ ಅದೇ ನಗರದ ಇನ್ನೊಂದು ವ್ಯವಸ್ಥೆ ಬಾಳಿತು. ಬಡತನ ನಮಗಿಂತ ಹೆಚ್ಚಿರುವ ದೇಶಗಳೂ ಮನಸ್ಸು ಬದಲಿಸಿವೆ: ಗರ್ಭಿಣಿಯರು ಶಾಲೆಗೆ ಬರಬಾರದೆಂಬ ನಿಷೇಧವನ್ನು ಸಿಯೆರಾ ಲಿಯೋನ್ 2020ರಲ್ಲಿ ತೆಗೆದುಹಾಕಿತು, ಮರುವರ್ಷ ತಾಂಜಾನಿಯಾ ಹುಡುಗಿಯರಿಗೆ ಹೆರಿಗೆಯ ಬಳಿಕ ಮರಳಲು ಬಾಗಿಲು ತೆರೆಯಿತು. ನಮ್ಮಲ್ಲಿ ಅಂಥ ನಿಷೇಧ ಎಂದೂ ಕಾಗದದ ಮೇಲಿರಲಿಲ್ಲ, ಆದ್ದರಿಂದಲೇ ಅದನ್ನು ತೆಗೆದುಹಾಕುವ ದಿನವೂ ಬರಲಿಲ್ಲ.

ಅಪ್ರಾಪ್ತೆಯ ಗರ್ಭ ಎಂದರೆ ಅಪರಾಧ ನಡೆದಿದೆ ಎಂದೇ ಅರ್ಥ, ಅದನ್ನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ದೂರು ಆಗಲಿ, ವಿಚಾರಣೆ ನಡೆಯಲಿ. ಆದರೆ ಆ ಮೊಕದ್ದಮೆಯಲ್ಲಿ ಅವಳು ನೊಂದವಳು. ನೊಂದವಳ ಓದನ್ನು ಕಿತ್ತುಕೊಳ್ಳಿ ಎಂದು ಯಾವ ಕಾನೂನೂ ಹೇಳಿಲ್ಲ. ಕರ್ನಾಟಕದ 2016ರ ತಿದ್ದುಪಡಿ ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧುವೆಂದು ಸಾರಿದೆ. ಮದುವೆಯೇ ಅಸಿಂಧುವಾದಮೇಲೆ ಅವಳು ಕಾನೂನಿನ ಕಣ್ಣಿಗೆ ಯಾರ ಮನೆಯ ಸೊಸೆಯೂ ಅಲ್ಲ, ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ವಿದ್ಯಾರ್ಥಿನಿ.

ವಿರೋಧ: ಜನ್ಮದಿನಾಂಕ ಬಲ್ಲ ಕಟ್ಟಡಕ್ಕೆ ಅವಳು ಬರುವಳೇ?

ಒಬ್ಬಳಿಗೆ ಜಾಗ ಕೊಟ್ಟರೆ ಹತ್ತು ಮಂದಿ ಹಾಳಾಗುತ್ತಾರೆ ಎಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ಬಸುರಿಯನ್ನು ನೋಡಿ ಬಸಿರಾಗಬೇಕೆಂದು ಬಯಸಿದ ಹುಡುಗಿಯನ್ನು ಮಕ್ಕಳ ರಕ್ಷಣೆಯ ಕೆಲಸದಲ್ಲಿ ಹಳ್ಳಿ ಹಳ್ಳಿ ತಿರುಗಿದ ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಅವಳು ಓದಬೇಕೆಂಬುದರಲ್ಲೂ ನನಗೆ ಭಿನ್ನಾಭಿಪ್ರಾಯವಿಲ್ಲ. ನನ್ನ ವಿರೋಧವಿರುವುದು ಆ ನೆರವನ್ನು ಶಾಲೆಯೊಳಗೆ, ಶಾಲೆಯ ದಾಖಲೆಯಲ್ಲಿ, ಶಾಲೆಯವರ ಕೈಯಿಂದ ಕೊಡುವುದಕ್ಕೆ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತು ನಾನೇ ನೋಡಿದ್ದನ್ನು ಹೇಳುತ್ತೇನೆ. ಗರ್ಭಿಣಿಯ ಆರೋಗ್ಯದ ವಿವರ ದಾಖಲಿಸುವ ತಾಯಿ ಕಾರ್ಡ್ ಬರೆಸಲು ಬಂದಿದ್ದ ಹುಡುಗಿಯ ಕೈಬೆರಳುಗಳಲ್ಲಿ ಮದುವೆಯ ಮೆಹಂದಿಯ ಬಣ್ಣ ಹೋಗಿ ಎಷ್ಟೋ ದಿನವಾಗಿತ್ತು, ಹೆಬ್ಬೆರಳ ಪಕ್ಕ ಮಾತ್ರ ಪೆನ್ನು ಹಿಡಿದು ಹಿಡಿದು ಎದ್ದ ಗಂಟು ಇನ್ನೂ ಇತ್ತು. ವಯಸ್ಸು ಎಷ್ಟು ಎಂದು ಕೇಳಿದಾಗ ಹುಡುಗಿ ಬಾಯಿ ತೆರೆಯುವ ಮೊದಲೇ ಜೊತೆಗಿದ್ದ ಹೆಂಗಸು "ಹತ್ತೊಂಬತ್ತು ಅಂತ ಬರೀರಿ ಅಕ್ಕಾ" ಅಂದಳು. ಬರೆಯುವವರು ಒಂದು ಗಳಿಗೆ ಪೆನ್ನು ನಿಲ್ಲಿಸಿ, ಮತ್ತೆ ಬರೆದರು. ಆ ಸುಳ್ಳು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಆ ಸುಳ್ಳಿನ ಬಲದಿಂದಲೇ ಅವಳಿಗೆ ಕಬ್ಬಿಣಾಂಶದ ಮಾತ್ರೆ ಸಿಕ್ಕಿತು, ರಕ್ತಪರೀಕ್ಷೆಯಾಯಿತು.

ಶಾಲೆಯಲ್ಲಿ ಈ ಸುಳ್ಳು ನಡೆಯುವುದಿಲ್ಲ. ಅವಳ ಹುಟ್ಟಿದ ತಾರೀಖು ದಾಖಲಾತಿ ಪುಸ್ತಕದಲ್ಲಿದೆ, ಮತ್ತು ಬಾಲನ್ಯಾಯ ಕಾಯ್ದೆಯ 94ನೆಯ ಕಲಮಿನ ಪ್ರಕಾರ ವಯಸ್ಸಿನ ಪ್ರಶ್ನೆ ಎದ್ದಾಗ ಮೊದಲು ನೋಡುವುದೇ ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರ. ಅವಳ ವಯಸ್ಸು ಅಲ್ಲಾಡದಂತೆ ನಿಂತಿರುವ ಜಾಗ ಶಾಲೆ, ಹಾಗಾಗಿ ಅವಳ ಮನೆಯವರು ಎಲ್ಲಕ್ಕಿಂತ ಹೆಚ್ಚು ಅಂಜುವ ಜಾಗವೂ ಅದೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೆಯ ಕಲಂ ಅಪರಾಧದ ಸುಳಿವು ಸಿಕ್ಕ ಪ್ರತಿಯೊಬ್ಬರೂ ದೂರು ಕೊಡಬೇಕು ಎನ್ನುತ್ತದೆ, ಕೊಡದವರಿಗೆ ಆರು ತಿಂಗಳವರೆಗೆ ಸೆರೆಯುಂಟು. 18ರ ಒಳಗಿನ ಹೆಂಡತಿಯೊಡನೆ ಗಂಡ ನಡೆಸುವ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮದುವೆಯ ಹೆಸರಿನ ಆಸರೆಯೂ ಉಳಿದಿಲ್ಲ. ಈ ಕಾನೂನುಗಳು ಹುಡುಗಿಯರಿಗಾಗಿಯೇ ಬಂದವು, ಅವು ಇರಬೇಕು. ಆದರೆ ಇವುಗಳ ನಡುವೆ ಮುಖ್ಯೋಪಾಧ್ಯಾಯರು "ಗರ್ಭಿಣಿ ವಿದ್ಯಾರ್ಥಿನಿಯರ ನೆರವಿನ ವಹಿ" ಎಂದೊಂದು ಪುಸ್ತಕ ತೆರೆದರೆ, ಅದರಲ್ಲಿ ಮೊದಲ ಹೆಸರು ಬರೆದ ದಿನವೇ ಅವರು ಪೊಲೀಸ್ ಠಾಣೆಗೂ ಹೋಗಬೇಕು. ಗಂಡನೋ ಗೆಳೆಯನೋ ಆದ ಹುಡುಗ ಜೈಲಿಗೆ ಹೋಗುತ್ತಾನೆ, ಎಷ್ಟೋ ಸಲ ಹುಡುಗಿ ಬಾಲಮಂದಿರಕ್ಕೆ ಹೋಗುತ್ತಾಳೆ. ಊರಿಗೆ ಈ ಸುದ್ದಿ ಒಮ್ಮೆ ಮುಟ್ಟಿದರೆ ಎರಡನೆಯ ಹೆಸರು ಆ ಪುಸ್ತಕಕ್ಕೆ ಬರುವುದಿಲ್ಲ.

"ದೂರು ಆಗಲಿ, ಓದೂ ಸಾಗಲಿ" ಎಂಬ ಮಾತು ಕೇಳಲು ನ್ಯಾಯವಾಗಿದೆ. ತನ್ನ ಕೂಸಿನ ತಂದೆಯನ್ನು ಜೈಲಿಗೆ ಕಳಿಸಿದ್ದು ತನ್ನ ಶಾಲೆಯೇ ಎಂದು ತಿಳಿದ ಹುಡುಗಿ ಅದೇ ಶಾಲೆಯ ಕೋಣೆಯಲ್ಲಿ ಕುಳಿತು ಆ ಕೂಸಿಗೆ ಹಾಲೂಡಿಸುತ್ತಾಳೆ ಎಂದು ನಂಬಲು ನನ್ನಿಂದಾಗದು. ಬಲಾತ್ಕಾರಕ್ಕೆ ಒಳಗಾದವಳ ಮಾತು ಬೇರೆ. ಅವಳಿಗೆ ದೂರೇ ರಕ್ಷಣೆ. ಆದರೆ ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವು ಮನೆಯವರೇ ಮಾಡಿದ ಮದುವೆಗಳು ಅಥವಾ ಹದಿಹರೆಯದ ಪ್ರೇಮಗಳು. ಈ ಕಗ್ಗಂಟನ್ನು ನ್ಯಾಯಾಲಯಗಳೂ ಕಂಡಿವೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರಲ್ಲಿ, ಲೈಂಗಿಕ ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗವು ವಯಸ್ಸನ್ನು ಇಳಿಸುವುದು ಬೇಡ, ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಲಿ ಎಂದು ವರದಿ ಕೊಟ್ಟಿತು. ಅಪ್ರಾಪ್ತೆಯ ಗರ್ಭಪಾತದ ಸಂದರ್ಭದಲ್ಲಿ, ಆಕೆಯೂ ಆಕೆಯ ಪೋಷಕರೂ ಕೋರಿದರೆ ವೈದ್ಯರು ಗುರುತನ್ನು ಬಹಿರಂಗಪಡಿಸಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ರಿಯಾಯಿತಿ ವೈದ್ಯರಿಗೆ ಸಿಕ್ಕಿತು, ಮುಖ್ಯೋಪಾಧ್ಯಾಯರಿಗೆ ಸಿಕ್ಕಿಲ್ಲ. ಅದು ಸಿಗುವವರೆಗೆ ಶಾಲೆಯ ನೆರವು ಎಂಬುದು ಹುಡುಗಿಯರ ಪಾಲಿಗೆ ಬಲೆಯೇ.

ಇನ್ನು ತವರಿನ ಆರು ತಿಂಗಳ ವಿಚಾರ. ಅಲ್ಲಿರುವಾಗ ಪಾಠ ತಲುಪಿಸಬಹುದು, ನಿಜ. ಆ ತಿಂಗಳುಗಳು ಮುಗಿದ ಮೇಲೆ ಕೂಸಿನೊಡನೆ ಅವಳು ಹೋಗುವುದು ಇನ್ನೊಂದು ತಾಲ್ಲೂಕಿಗೆ, ಕೆಲವೊಮ್ಮೆ ಗಡಿಯಾಚೆಯ ಸೊಲ್ಲಾಪುರಕ್ಕೋ ಸಾಂಗಲಿಗೋ, ಕಬ್ಬು ಕಡಿಯುವ ಗುಂಪಿನ ಜೊತೆಗೆ. ಶಾಲೆಯ ಬೆಂಚು ಅವಳ ಹಿಂದೆ ಹೋಗುವುದಿಲ್ಲ. ಜನಗಣತಿ, ಮತದಾರರ ಪಟ್ಟಿ, ಹತ್ತಾರು ಆನ್‌ಲೈನ್ ದಾಖಲೆಗಳ ನಡುವೆ ಪಾಠಕ್ಕೇ ಸಮಯ ಹೊಂದಿಸಲಾಗದ ಶಿಕ್ಷಕಿಗೆ ವಾರಕ್ಕೊಂದು ಮನೆಭೇಟಿಯನ್ನೂ ವಹಿಸಿದರೆ ಆದೇಶ ಕಾಗದದಲ್ಲಿ ಉಳಿಯುತ್ತದೆ.

ಹಣ, ಜನ ಎರಡನ್ನೂ ನಾನು ಬೇರೆ ಎರಡು ಕಡೆ ಹಾಕುತ್ತೇನೆ. ಒಂದು, ಎಂಟನೆಯ ತರಗತಿಯಿಂದ ಪಿಯು ಮುಗಿಯುವವರೆಗೆ ಹುಡುಗಿಯರನ್ನು ಹಿಡಿದಿಡುವ ಹಾಸ್ಟೆಲು ಮತ್ತು ಬಸ್ಸು. ಹತ್ತನೆಯ ತರಗತಿ ಮುಗಿದು ಪಿಯು ಕಾಲೇಜು ಹದಿನೈದು ಕಿಲೋಮೀಟರ್ ದೂರವಿದ್ದರೆ, ಆ ಬೇಸಿಗೆಯಲ್ಲೇ ಲಗ್ನಪತ್ರಿಕೆ ಅಚ್ಚಾಗುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಇನ್ನೊಂದು, ಆಗಲೇ ತಾಯಿಯಾದವಳಿಗೆ ಅವಳಿರುವ ಊರಿನಲ್ಲೇ ಸಿಗುವ ಓದು. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ "ಅರಿವು ಕೇಂದ್ರ"ವಾಗಿದೆ. ಅಲ್ಲಿ ಪುಸ್ತಕ ತೆಗೆದುಕೊಳ್ಳುವವಳ ಕೂಸು ಯಾರದೆಂದು ಯಾವ ಪುಸ್ತಕದಲ್ಲೂ ಬರೆಯಬೇಕಿಲ್ಲ. ಮುಕ್ತ ಶಾಲೆಯ ಅಥವಾ ಖಾಸಗಿ ಅಭ್ಯರ್ಥಿಯ ದಾರಿಯಲ್ಲಿ ಅವಳು 18 ತುಂಬಿದ ಮೇಲೆ ನಿರ್ಭಯವಾಗಿ ಪರೀಕ್ಷೆಗೆ ಕೂರಬಹುದು. ಎರಡು–ಮೂರು ವರ್ಷ ಕಳೆದುಹೋಗುತ್ತವೆ ಎಂಬುದು ನಿಜವಾದ ನಷ್ಟ, ಅದನ್ನು ಸಣ್ಣದೆಂದು ನಾನು ಹೇಳಲಾರೆ.

ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಎಂದು ಬರೆಸಿಕೊಂಡ ಆ ಹುಡುಗಿಯನ್ನು ಹೆರಿಗೆಯ ನಂತರ ಅವಳ ತವರಿನಲ್ಲಿ ಮಾತಾಡಿಸಿದ್ದೆ. ಪರೀಕ್ಷೆ ಬರೆಯುತ್ತೀಯಾ, ಅರ್ಜಿ ನಾನೇ ತುಂಬಿಸಿ ಕೊಡುತ್ತೇನೆ ಎಂದೆ. ಅವಳ ಮುಖ ಅರಳಿತು. ಒಳಗಿನಿಂದ ಬಂದ ತಾಯಿ ಕೂಸನ್ನು ಮಡಿಲಿಗೆ ಎತ್ತಿಕೊಂಡು, ಅರ್ಜಿಗೆ ಶಾಲೆಯ ಕಾಗದ ಬೇಕಾಗುತ್ತದೆಯೇ ಎಂದು ಕೇಳಿದಳು. ಬೇಕು ಎಂದೆ. "ಹಂಗಾರ ಇನ್ನೆರಡು ವರ್ಷ ತಡೀರಿ ಸರ್" ಎಂದಳು.