90 ದಿನ ತಪ್ಪಿಸ್ಕೊಂಡ್ರೆ ಅಮೆರಿಕದ ಕೇಸ್ ಮುಗೀತಾ? ಸತ್ಯಾಂಶ

ಅಮೆರಿಕದಲ್ಲಿರೋ ನಮ್ಮವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡೋ ಫಾರ್ವರ್ಡ್ ಇದು: "ಸಿವಿಲ್ ಕೇಸ್ ಹಾಕಿದ 90 ದಿನದೊಳಗೆ ಸಮನ್ಸ್ ಕೈಗೆ ಸಿಗದಿದ್ರೆ ಕೇಸ್ ಶಾಶ್ವತವಾಗಿ ಖತಂ, ಬಾಗಿಲು ತೆಗೀಬೇಡಿ." ದಯವಿಟ್ಟು ಇದನ್ನ ನಂಬ್ಬೇಡಿ.

ಫೆಡರಲ್ ಕೋರ್ಟ್‌ನ (ಅಂದ್ರೆ ಅಮೆರಿಕದ ಕೇಂದ್ರ ಕೋರ್ಟ್‌ನ) ಸಮನ್ಸ್ ಜಾರಿ ನಿಯಮ ರೂಲ್ 4(ಎಂ)ನಲ್ಲಿ 90 ದಿನ ಅಂತಿರೋದು ನಿಜ, 2015ರ ಡಿಸೆಂಬರ್‌ಗೆ ಮುಂಚೆ 120 ಇತ್ತು. ಆದ್ರೆ ಗಡುವು ಮೀರಿದ ತಕ್ಷಣ ಕೇಸ್ ತಾನಾಗೇ ಬೀಳಲ್ಲ, ಜಡ್ಜ್ ಮೊದಲು ಕೇಸ್ ಹಾಕಿದವ್ರಿಗೆ ನೋಟಿಸ್ ಕೊಡ್ಬೇಕು, ಅವ್ರು ಸರಿಯಾದ ಕಾರಣ ತೋರ್ಸಿದ್ರೆ ಟೈಮ್ ಕೊಡ್ಲೇಬೇಕು, ಕಾರಣ ಅಷ್ಟು ಗಟ್ಟಿ ಇಲ್ದಿದ್ರೂ ಕೊಡೋ ಅಧಿಕಾರ ಜಡ್ಜ್‌ಗಿದೆ. ನೀವು ಬೇಕಂತಲೇ ತಪ್ಪಿಸ್ಕೊಂಡು ಓಡಾಡಿದ್ರೆ ಅದೇ ಅವ್ರಿಗೆ ಒಳ್ಳೆ ಕಾರಣ ಆಗ್ಬಹುದು!

ವಜಾ ಆದ್ರೂ ಸಾಮಾನ್ಯವಾಗಿ ಮತ್ತೆ ಹಾಕೋ ಹಕ್ಕು ಉಳಿಸಿಯೇ ವಜಾ. ಅಷ್ಟ್ರಲ್ಲಿ ಕಾಲಮಿತಿ ಕಾಯ್ದೆಯ ಅವಧಿ (ಕೇಸ್ ಹಾಕೋಕೆ ಇರೋ ಕೊನೆಯ ಗಡುವು) ಮುಗಿದಿದ್ರೆ ಮಾತ್ರ ಕೇಸ್ ಹಾಕಿದವ್ರಿಗೆ ನಿಜವಾದ ಕಷ್ಟ, ಅದಕ್ಕೇ ಅವ್ರು 90 ದಿನದ ಗಡುವು ಮುಗಿಯೋ ಮೊದ್ಲೇ ಹೆಚ್ಚು ಟೈಮ್ ಕೇಳಿ ಅರ್ಜಿ ಹಾಕೋದು ಒಳ್ಳೇದು.

ರಾಜ್ಯಗಳ ಕೋರ್ಟ್‌ಗಳ ಲೆಕ್ಕ ಬೇರೆ: ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ 120 ದಿನ, ಕ್ಯಾಲಿಫೋರ್ನಿಯಾದಲ್ಲಿ 3 ವರ್ಷ. ಇನ್ನು ಪ್ರತಿವಾದಿ ಬೆಂಗಳೂರಲ್ಲೋ ಮೈಸೂರಲ್ಲೋ ಇದ್ರೆ, ವಿದೇಶದಲ್ಲಿ ಸಮನ್ಸ್ ಜಾರಿ ಮಾಡೋದಕ್ಕೆ ಆ 90 ದಿನದ ಫೆಡರಲ್ ಮಿತಿ ಅನ್ವಯಿಸೋದೇ ಇಲ್ಲ.